ಕಡಲೋ ಕಡ್ಲೆಯೋ

ಸ್ಪಂದನ, ನಾನು ನಿಮ್ಮಜ್ಜಿಯ ಅಣ್ಣ, ಶಿವಯೋಗಪ್ಪ ತಾತ. ಇಷ್ಟುದ್ದ ವಾಯ್ಸ್ ಮೆಸೇಜು ಇನ್ಯಾರು ಕಳಿಸುತ್ತಾರೆ? ನಿಮ್ಮ ಸಂಶೋಧನೆಯ ಹಡಗಿನಲ್ಲಿ ಒಂದು ಕಡೆ ಕೂತು ಪೂರ್ತಿ ಕೇಳು, ಮಧ್ಯೆ ಓಡಿಸಬೇಡ.

"ಅಜ್ಜಿಗೆ ನನ್ ಮೇಲೆ ಕೋಪ, ಫೋನ್‌ಗೇ ಬರಲ್ಲ" ಎಂದು ನನ್ನ ಹತ್ತಿರ ಅತ್ತುಬಿಟ್ಟೆಯಲ್ಲ, ದಡ್ಡಿ. ಅದು ಕೋಪವಲ್ಲ, ಕಿವುಡು. ತಾನೇ ಸಾಕಿದ ಮೊಮ್ಮಗಳ ದನಿ ಈಗ ಕೇಳಿಸುವುದಿಲ್ಲ ಎಂದು ಹೇಳಿಕೊಳ್ಳಲು ನಿಮ್ಮಜ್ಜಿ ಸರ್ವಮಂಗಳೆಗೆ ನಾಚಿಕೆ. ಕಿವಿಗೆ ಮಿಷನ್ ತಂದುಕೊಟ್ಟರೆ "ಅದ್ರಾಗೆ ಬರೀ ಕಾಗೆ ಕೂಗ್ತವೆ" ಎಂದು ದೇವರ ಗೂಡಿನಲ್ಲಿ ಇಟ್ಟಿದ್ದಾಳೆ.

ಸಮುದ್ರದ ಆಳಕ್ಕೆ ಮೈಕು ಇಳಿಬಿಟ್ಟು ಹಿಡಿದ ಸದ್ದೊಂದನ್ನು ನನಗೆ ಕಳಿಸಿದ್ದೆಯಲ್ಲ, ಅದೇನೆಂದು ಹಡಗಿನಲ್ಲಿ ಯಾರಿಗೂ ಗೊತ್ತಿಲ್ಲವೆಂದು. ದಪ್ಪ ಸದ್ದು, ಅವಳ ಕಿವಿಗೂ ಬಿದ್ದೀತು ಎನಿಸಿ ಹಿಂದೂಪುರದಲ್ಲಿ ಬಸ್ಸು ಹತ್ತಿದೆ. ದಾರಿಯಲ್ಲಿ ಒಮ್ಮೆ ಹಾಕಿ ನೋಡಿದರೆ ಪಕ್ಕದ ಸೀಟಿನವನು ತೆಲುಗಿನಲ್ಲಿ, "ಏಂದಿ ಪೆದ್ದಾಯನಾ, ಕಡುಪುಲೋ ಗ್ಯಾಸಾ?" ಎಂದ. ನಿನ್ನ ಸಮುದ್ರವನ್ನು ನನ್ನ ಹೊಟ್ಟೆ ಮಾಡಿಬಿಟ್ಟ, ಮುಂಡೇದು.

ಕಲ್ಯಾಣದುರ್ಗದಲ್ಲಿ ನಿಮ್ಮಜ್ಜಿ ಅಂಗಳದಲ್ಲಿ ಕಡ್ಲೆಕಾಯಿ ಕೇರುತ್ತಿದ್ದಳು. ಪಕ್ಕದ ಮನೆ ತಿರುಮಲೇಶ ಮದುವೆಗಳಿಗೆ ಮೈಕ್‌ಸೆಟ್ ಬಾಡಿಗೆ ಕೊಡುವವನು. ಆಳೆತ್ತರದ ಸ್ಪೀಕರ್ ಬಾಕ್ಸೊಂದನ್ನು ತಂದು ಫೋನಿಗೆ ಸಿಕ್ಕಿಸಿದ.

ಗುಂ... ಎಂದಿತು. ಮೊರದಲ್ಲಿದ್ದ ಕಾಯಿ ಅದುರಿದವು. ಅವಳ ಕೈ ನಿಂತಿತು.

"ಅಣ್ಣಯ್ಯ, ಏನೋ ಕೇಳುಸ್ತೈತಲ್ಲ!"

"ಕಡಲ ಸದ್ದು ಕಣೇ!" ಎಂದು ಕಿರುಚಿದೆ. ಸಮುದ್ರ ಎಂದಿದ್ದರೆ ಆಗುತ್ತಿತ್ತು. ನೀನು ಬಳಸುವ ಮಾತನ್ನೇ ಆಡಲು ಹೋಗಿ ಕೆಟ್ಟೆ.

"ಕಡ್ಲೆ ಸದ್ದಾ?" ಎಂದವಳೇ ಮೊರದಿಂದ ಒಂದು ಕಾಯಿ ತೆಗೆದು ಕಿವಿಯ ಬಳಿ ಅಲುಗಿಸಿದಳು. ಕೇಳಲಿ ಬಿಡಲಿ, ಕಾಯಿ ಒಣಗಿದೆಯೇ ಎಂದು ನೋಡುವ ಹಳೆಯ ಅಭ್ಯಾಸ. "ಒಣಗಿದ್ರೆ ಗಲಗಲ ಅನ್ಬೇಕು. ಇದು ಗುಂ ಅಂತೈತೆ. ಹಸಿ ಕಣಣ್ಣ. ಇನ್ನೂ ಎಲ್ಡು ಬಿಸ್ಲು ಬೇಕು. ಯಾವೋನು ನಿಂಗೆ ಮಾರಿದ್ದು?"

ತಿರುಮಲೇಶ ನಕ್ಕು ನಕ್ಕು ವೈರಿನ ಮೇಲೆ ಬಿದ್ದ. ನಾನು ಅವಳ ಮುಖದ ಹತ್ತಿರ ಹೋಗಿ, "ಸ್ಪಂದನ ಕಳ್ಸಿದ್ದು! ಅವ್ಳಿರೋ ಸಮುದ್ರದ್ದು!" ಎಂದೆ.

ಮೊರ ಕೆಳಗಿಟ್ಟಳು. ಕೈ ಒರೆಸಿಕೊಂಡಳು. "ಇನ್ನೊಂದ್ ಕಿತ ಹಾಕೋ" ಎಂದು ತಿರುಮಲೇಶನಿಗೆ ಹೇಳಿ ಆ ಬಾಕ್ಸಿಗೆ ಕೆನ್ನೆ ಆನಿಸಿ ಕೂತಳು. ನೀನು ಹಸುಗೂಸಾಗಿದ್ದಾಗ ನಿನ್ನ ಬೆನ್ನಿಗೆ ಆನಿಸಿಕೊಳ್ಳುತ್ತಿದ್ದಳಲ್ಲ, ಹಾಗೆ. ನಿನಗೆಲ್ಲಿ ನೆನಪಿರುತ್ತದೆ, ನಾನು ನೋಡಿದ್ದೇನೆ.

"ಮಗೀನ ಮಾತು ಕೇಳಾಕಾಗ್ಲಿಲ್ಲ," ಎಂದಳು. "ಅದಿರೋ ಜಾಗ ಕೇಳುಸ್ತು."

ಆ ಸದ್ದು ಏನೆಂದು ನಿಮ್ಮವರು ಹುಡುಕಿಕೊಳ್ಳಲಿ. ಇಲ್ಲಿ ಅದು ಹಸಿ ಕಡ್ಲೆಕಾಯಿ ಎಂದು ತೀರ್ಮಾನವಾಗಿದೆ. ಇನ್ನೊಂದು ವಿಷಯ... ತಡಿಯೇ, ನಾನು ಮಾತಾಡ್ತಾ ಇವ್ನಿ... ಫೋನು ಕಿತ್ಕೋಬ್ಯಾಡ...

"ಸ್ಪಂದನಾ! ನಾನು ಕಣೇ, ಅಜ್ಜಿ. ಉಂಡ್ಯಾ? ನೀನು ಏನಂದ್ರೂ ನಂಗೆ ಕೇಳುಸಾಕಿಲ್ಲ, ಬೇಜಾರು ಮಾಡ್ಕೋಬ್ಯಾಡ. ಆ ಗುಂ ಅನ್ನೋದು ಸಿಕ್ದಾಗೆಲ್ಲ ಕಳ್ಸು. ಚೆನ್ನಾಗಿದ್ದೀಯ ಅಂತ ತಿಳ್ಕೊಂತೀನಿ."