ಕಾಂತಿಗೊಂದು ಎಲೆ

"ದನಿ ತಲೆಯ ಒಳಗೋ, ಹೊರಗೋ?"

ಪುಸ್ತಕದ ಪ್ರಶ್ನೆ. ಮೂಡುಬಿದಿರೆಯ ಕ್ಲಿನಿಕ್ಕಿನಲ್ಲಿ ಕೂತು ಮನೋರೋಗದ ಡಾಕ್ಟರ್ ಶೋಧನ್ ಹದಿನಾರು ವರ್ಷದಿಂದ ಅದನ್ನು ಕೇಳುತ್ತ ಬಂದಿದ್ದ. ನಾರಾವಿಯ ವಿಸ್ಮಿತಾ, ಹನ್ನೊಂದು ವರ್ಷದವಳು, ಪಾಪ ಇವನಿಗೇನೂ ಗೊತ್ತಿಲ್ಲ ಎಂಬಂತೆ ನೋಡಿದಳು.

"ಅಡುಗೆಮನೆಯಲ್ಲಿ," ಎಂದಳು.

ಅಪ್ಪ ಧರ್ಣಪ್ಪ ಹಳೆಯ ಚೀಟಿ ಮುಂದಿಟ್ಟ. ಬೇರೆ ಊರಿನ ಡಾಕ್ಟರು ಸ್ಕಿಜೋಫ್ರೇನಿಯಾ ಎಂದು ಬರೆದು ಪಕ್ಕಕ್ಕೊಂದು ಪ್ರಶ್ನೆಯ ಗುರುತು ಹಾಕಿದ್ದರು. ಮೂರು ತಿಂಗಳ ಮಾತ್ರೆಗೆ ದನಿ ನಿಂತಿತ್ತು. ಜೊತೆಗೆ ಆಟ, ಓದು, ನಗು ಕೂಡ. ಹುಡುಗಿ ತರಗತಿಯಲ್ಲಿ ಬೆಂಚಿಗೆ ತಲೆಯಿಟ್ಟು ಮಲಗುತ್ತಾಳಂತೆ. ಈ ಮಾತ್ರೆ ಜನ್ಮಪೂರ್ತಿಯೋ ಎಂದು ಕೇಳಲು ಬಂದಿದ್ದರು.

ಯಾರ ದನಿ ಎಂದು ಶೋಧನ್ ಕೇಳಿದ. ಧರ್ಣಪ್ಪ ಕಿಟಕಿಯತ್ತ ನೋಡಿದ.

"ನನ್ನ ಅಮ್ಮನದ್ದು. ತೀರಿಕೊಂಡು ವರ್ಷ ಆಗ್ಲಿಲ್ಲ."

"ಅದನ್ನು ಅಲ್ಲಿ ಹೇಳಿದ್ರಾ?"

"ಕಲಿತವರ ಹತ್ರ ಕುಲೆಯ ಸುದ್ದಿ, ಸತ್ತವರ ಸುದ್ದಿ ಹೇಗೆ ಹೇಳುವುದು ಡಾಕ್ಟ್ರೇ? ಯಾರೋ ಮಾತಾಡಿದ ಹಾಗೆ ಕೇಳ್ತದಂತೆ ಅಂತ ಮಾತ್ರ ಹೇಳಿದೆ."

ಆಯಿತಲ್ಲ, ಅಪ್ಪನ ಮರ್ಯಾದೆ ಉಳಿಯಿತು, ಮಗಳು ರೋಗಿಯಾದಳು ಎಂದುಕೊಂಡ ಶೋಧನ್.

ದನಿ ಹೆದರಿಸುತ್ತದೆಯೇ, ಕೆಟ್ಟದ್ದು ಮಾಡು ಎನ್ನುತ್ತದೆಯೇ, ನಿನ್ನ ಯೋಚನೆಯನ್ನು ಯಾರಾದರೂ ಕದಿಯುತ್ತಾರೆಯೇ? ಎಲ್ಲಕ್ಕೂ ಇಲ್ಲ. ಗಂಜಿ ಉಂಡು ಶಾಲೆಗೆ ಹೋಗು ಎನ್ನುತ್ತಿದ್ದಳಂತೆ ಅಜ್ಜಿ, ಅಷ್ಟೇ.

ಅವನಿಗೆ ನರಿಕೊಂಬಿನ ತನ್ನ ಮನೆ ನೆನಪಾಯಿತು. ಅಕ್ಕ ಕಾಂತಿ ಜ್ವರದಲ್ಲಿ ತೀರಿಕೊಂಡ ವರ್ಷ ಅವನಿಗೆ ಎಂಟು. ಮಳೆಗಾಲದ ಆಟಿ ತಿಂಗಳಲ್ಲಿ ಸತ್ತವರಿಗೆ ಎಲೆ ಹಾಕಿ ಬಡಿಸಿ, ಬಾಗಿಲು ಮುಚ್ಚಿ, ಮನೆಮಂದಿಯೆಲ್ಲ ಹೊರಗೆ ನಿಂತಿದ್ದರು. ಒಳಗೆ ಲೋಟ ಸರಿದದ್ದು ಅವನೊಬ್ಬನಿಗೆ ಕೇಳಿಸಿತು. ಆಮೇಲೆ ಅಕ್ಕನ ದನಿ: ಶೋದು, ಉಪ್ಪು ಸಾಲದು. ಹೇಳಿದರೆ ಅಮ್ಮ ಹೌಹಾರಲಿಲ್ಲ, ಹಣೆ ಮುಟ್ಟಿಯೂ ನೋಡಲಿಲ್ಲ. ಬರುವ ವರ್ಷ ಹಾಕುವ ಎಂದಳು. ಎಂಥ ಕಾಲ ಅದು! ಸತ್ತವರಿಗೂ ಮನೆಯಲ್ಲೊಂದು ಎಲೆ ಇತ್ತು. ಡಾಕ್ಟರಿಕೆ ಓದಲು ಹೋದ ಮೇಲೆ ಅವನು ಆ ಬಾಗಿಲ ಹೊರಗೆ ನಿಲ್ಲುವುದನ್ನು ಬಿಟ್ಟ. ಅಕ್ಕನೂ ಸುಮ್ಮನಾದಳು.

ಇದು ಆ ಕಾಯಿಲೆ ಅನ್ನಿಸುವುದಿಲ್ಲ, ದುಃಖದಲ್ಲಿ ಮಕ್ಕಳಿಗೆ ಹೀಗೂ ಕೇಳಿಸುವುದುಂಟು, ಮಾತ್ರೆ ನಿಧಾನಕ್ಕೆ ಇಳಿಸುವ, ತಿಂಗಳಿಗೊಮ್ಮೆ ಬನ್ನಿ ಎಂದ. ಧರ್ಣಪ್ಪನ ಕಣ್ಣು ತುಂಬಿತು. ಆದರೆ ಚೀಟಿಯ ಆ ಹೆಸರನ್ನು ಹೊಡೆದುಹಾಕಲು ಶೋಧನ್‌ಗೆ ಕೈ ಬರಲಿಲ್ಲ. ತಾನು ನಂಬಿದ್ದು ಪುಸ್ತಕವನ್ನೋ, ಆ ಲೋಟವನ್ನೋ?

"ಮಾತ್ರೆ ಬಿಟ್ರೆ ಅಜ್ಜಿ ಬರ್ತಾರಾ?" ವಿಸ್ಮಿತಾ ಕೇಳಿದಳು.

"ಬಂದ್ರೆ ನನಗೆ ಹೇಳು."

"ನಿಮಗೆ ಯಾರು ಬರ್ತಾರೆ?"

ಅವನು ಮುಂದಿನವರಿಗೆಂದು ಬೆಲ್ ಒತ್ತಿದ. ಹುಡುಗಿಯ ಮೇಲೆ ಹೊಟ್ಟೆಕಿಚ್ಚಾಗಿತ್ತು.

ಮಧ್ಯಾಹ್ನ ಬುತ್ತಿ ಬಿಚ್ಚಿ, ಮುಚ್ಚಳವನ್ನೇ ಎಲೆ ಮಾಡಿ ಅನ್ನ ಬಡಿಸಿದ. ಕ್ಯಾಂಟೀನಿನಿಂದ ತರಿಸಿದ ಉಪ್ಪನ್ನು ಪಕ್ಕಕ್ಕಿಟ್ಟ. ಲೋಟ ತುಂಬಿಸಿ ಹೊರಬಂದು ಬಾಗಿಲೆಳೆದುಕೊಂಡ.

"ಒಳಗೆ ಯಾರಿದ್ದಾರೆ ಸರ್?" ನರ್ಸ್ ಸಬೀಹಾ ಕೇಳಿದಳು.

ಒಳಗೆ ಫ್ಯಾನ್ ತಿರುಗುವುದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಅವನು ಟೋಕನ್ ಹಿಡಿದವರ ನಡುವೆ ಬೆಂಚಿನಲ್ಲಿ ಜಾಗ ಮಾಡಿಕೊಂಡು ಕೂತ. ತನ್ನನ್ನು ಯಾವಾಗ ಕರೆಯುತ್ತಾರೋ ಎಂದು ಮುಚ್ಚಿದ ಬಾಗಿಲನ್ನೇ ನೋಡತೊಡಗಿದ.