ಅಮ್ಮನ ಕೂಕೂ ಕೋಲು

ನನ್ನ ತಮ್ಮ ಆಜ್ವಿನ್ ಸ್ಕೀಟ್‌ನ ವೇಗದ ಚೆಂಡಿಗೆ ಇಂಗ್ಲೆಂಡಿನವರು ಹೆದರಿದರು, ಆಸ್ಟ್ರೇಲಿಯಾದವರು ಹೆದರಿದರು. ನಾನು ಹೆದರಲಿಲ್ಲ. ಚಿಕ್ಕವರಿದ್ದಾಗ ಬಾರ್ಬಡೋಸಿನ ನಮ್ಮೂರ ಹುಲ್ಲುಗಾವಲಿನಲ್ಲಿ ಅಮ್ಮನ ಕೂಕೂ ಕೋಲು ಹಿಡಿದು ಅವನೆದುರು ನಿಂತವಳು ನಾನೇ. ಮೆಕ್ಕೆಜೋಳದ ಹಿಟ್ಟು, ಬೆಂಡೆಕಾಯಿ ಹಾಕಿ ಕೂಕೂ ಮುದ್ದೆ ತಿರುವುವ ಆ ಚಪ್ಪಟೆ ಕೋಲಿಗೂ ಬ್ಯಾಟಿಗೂ ಗಾತ್ರವೊಂದೇ ವ್ಯತ್ಯಾಸ. ಒಮ್ಮೆಯೂ ಅವನು ನನ್ನನ್ನು ಔಟ್ ಮಾಡಲಿಲ್ಲ. ಅಮ್ಮ ಹೋದ ಮೇಲೆ ಕೋಲು ನನಗೆ ಬಂತು. ನನ್ನ ಕೂಕೂವಿನಲ್ಲಿ ಒಂದು ಗಂಟು ತೋರಿಸಿದವರು ಈ ದ್ವೀಪದಲ್ಲಿಲ್ಲ. ಜಂಬ ಎಂದರೆ ಜಂಬವೇ.

ಇಪ್ಪತ್ತೇಳನೇ ವಯಸ್ಸಿಗೆ ತಮ್ಮನ ಬೆನ್ನುಮೂಳೆ ಬಿರುಕು ಬಿಟ್ಟಿತು. ವರ್ಷ ಕಳೆದು ಮೂಳೆ ಕೂಡಿತು, ಭಯ ಹೋಗಲಿಲ್ಲ. ಶನಿವಾರದ ಕ್ಲಬ್ ಪಂದ್ಯಕ್ಕೆ ಆಯ್ಕೆಗಾರರು ಬರುವವರಿದ್ದರು. ಅಂದು ಹಳೆಯ ವೇಗ ಕಾಣದಿದ್ದರೆ ಅವನ ಆಟ ಮುಗಿದಂತೆ. ಅವನೋ, ಅರ್ಧ ದೂರ ಓಡಿ, ಸೊಂಟ ಹಿಡಿದುಕೊಂಡು, ಮೊಟ್ಟೆ ಕೆಳಗಿಡುವವನಂತೆ ಚೆಂಡು ಬಿಡುತ್ತಿದ್ದ. ನೋಡಿ ನೋಡಿ ನನಗೆ ಮೈ ಉರಿಯಿತು.

ಗುರುವಾರ ಸಂಜೆ ಅಡುಗೆ ಬಿಟ್ಟು, ಅವನು ಅಭ್ಯಾಸ ಮಾಡುತ್ತಿದ್ದ ಹುಲ್ಲುಗಾವಲಿಗೆ ಹೋಗಿ, ಕೋಲು ಹಿಡಿದು ಸ್ಟಂಪುಗಳ ಮುಂದೆ ನಿಂತೆ.

“ಅದು ಅಮ್ಮನ ಕೋಲು ಕಣಕ್ಕಾ. ಆಚೆ ಹೋಗು,” ಎಂದ.

“ತಾಕತ್ತಿದ್ರೆ ಮುರಿ. ಇಲ್ದಿದ್ರೆ ಶನಿವಾರ ನೀನು ಅಡುಗೆ ಮಾಡು, ನಾನು ಬೌಲಿಂಗ್ ಮಾಡ್ತೀನಿ.”

ಮರದಡಿ ಡಾಮಿನೋ ಆಡುತ್ತಿದ್ದವರು ನಕ್ಕರು. ಮೂರು ಚೆಂಡು ಮೆಲ್ಲಗೆ ಹಾಕಿದ. ಮೂರನ್ನೂ ಅವರ ಮೇಜಿನ ಕಡೆಗೇ ಬಾರಿಸಿದೆ. ನಾಲ್ಕನೆಯದಕ್ಕೆ ಅವನು ಹಿಂದೆ ಹಿಂದೆ ನಡೆದು, ದೀವಿಹಲಸಿನ ಮರದ ಬುಡದ ತನ್ನ ಹಳೆಯ ಗುರುತು ಮುಟ್ಟಿದ. ಅಲ್ಲಿಂದ ಓಡಿ ಬಂದ. ಎಷ್ಟು ಚಂದದ ಓಟ ಅದು! ನೋಡುತ್ತ ಕೋಲು ಎತ್ತುವುದನ್ನೇ ಮರೆತೆ. ಚೆಂಡು ತಾನಾಗಿ ಬಂದು ಅದಕ್ಕೆ ಬಡಿಯಿತು. ಕೋಲು ಹಿಡಿಕೆಯವರೆಗೂ ಸೀಳಿತು, ನನ್ನ ತೋಳು ಜೋಮು ಹಿಡಿಯಿತು.

ಅವನು ಗಾಬರಿಯಿಂದ ಓಡಿಬಂದು ಪೆಟ್ಟಾಯಿತೇ ಎಂದು ಕೇಳಿದ.

“ಸ್ಟಂಪು ಬಿದ್ದಿಲ್ಲ. ನಾನಿನ್ನೂ ಔಟಾಗಿಲ್ಲ. ಇನ್ನೊಂದು ಹಾಕು.”

ಅವನು ಮರದ ಕಡೆಗೆ ವಾಪಸು ನಡೆದ. ಕೈ ಸೊಂಟದ ಮೇಲಿರಲಿಲ್ಲ.

ಶನಿವಾರ ಆರು ವಿಕೆಟ್ ಕಿತ್ತ. ಆಯ್ಕೆಗಾರರು ಅಲ್ಲೇ ಅವನ ಹೆಸರು ಬರೆದುಕೊಂಡರು. ಸಂಜೆ ಊರೆಲ್ಲ ನಮ್ಮ ಮನೆಗೆ ಊಟಕ್ಕೆ ಬಂತು. ಸೀಳಿದ ಕೋಲಿಗೆ ದಾರ ಸುತ್ತಿ ತಿರುವಿದ್ದೆ, ಕೂಕೂ ಗಂಟುಗಂಟಾಗಿತ್ತು. ಒಂದೊಂದು ಗಂಟನ್ನೂ ಎಲ್ಲರಿಗೂ ತೋರಿಸಿ ತೋರಿಸಿ ಬಡಿಸಿದೆ.