ಬೆನ್ನು ಹಾಕಿ ಹಾಡುವವಳು

ಆ ಕಿಟಕಿಯ ಗಾಜನ್ನು ಇವತ್ತೇ ಯಾಕೆ ಇಷ್ಟು ಚೆನ್ನಾಗಿ ಒರೆಸಿಟ್ಟಿದ್ದಾರೋ, ಹಾಳಾದ್ದು, ಇಡೀ ಕೋಣೆ ಅದರೊಳಗೆ ಇಳಿದು ಕೂತಿದೆ — ಮೇಲ್ಮನವಿ ಕೇಳುವ ಕನ್ನಡಕದ ಅಧ್ಯಕ್ಷೆ, ಅವರ ಪಕ್ಕದಲ್ಲಿ ಕುರ್ಚಿ ಬಿಟ್ಟು ಏಳುತ್ತಿರುವ ಕಿವಿ ಡಾಕ್ಟರು, ಹಿಂದಿನ ಬೆಂಚಿನಲ್ಲಿ ಕೈಚೀಲ ಅವುಚಿಕೊಂಡ ಹೆಂಡತಿ. ನೋಡಬಾರದು ಅಂದುಕೊಂಡಷ್ಟೂ ಅವನ ಕಣ್ಣು ಅಲ್ಲಿಗೇ ಹೋಗುತ್ತದೆ, ಬೆಕ್ಕಿನ ಕಣ್ಣು ಹಾಲಿನ ಕಡೆ ಹೋದ ಹಾಗೆ. ಮೊದಲ ಸಲ ಕಿವಿ ಪರೀಕ್ಷೆ ಮಾಡಿದ ಸೈನ್ಯದ ಮಂಡಳಿಯಲ್ಲಿ ಕೆಲಸ ಕೆಡಿಸಿದ್ದೂ ಇಂಥದೇ ಗಾಜು, ಔಷಧಿ ಬೀರುವಿನದು. ಬೆನ್ನ ಹಿಂದೆ ನಿಂತ ಆ ಎಳೇ ಡಾಕ್ಟರು, ಬಲಗೈ ಎತ್ತಿ, ಅಂದದ್ದನ್ನು ಬೀರುವಿನ ಗಾಜಿನಲ್ಲಿ ತುಟಿ ನೋಡಿ ತಿಳಿದು ಫಟ್ಟನೆ ಎತ್ತಿದ್ದ, ಎಡಗಾಲು ಮುಂದಿಡಿ, ಇಟ್ಟ, ಈ ಕಡೆ ತಿರುಗಿ, ತಿರುಗಿದ, ಹಿಮ್ಮಡಿ ಕೂಡಿಸಿ, ಎದೆ ಉಬ್ಬಿಸಿ — ಪರೀಕ್ಷೆ ಅಂದಮೇಲೆ ಪಾಸಾಗಬೇಕು, ಸೈನ್ಯದಲ್ಲಿ ಮೈಗೆ ಹತ್ತಿದ್ದು ಅದೊಂದೇ, ಅಧಿಕಾರಿ ಹೇಗಿದ್ದೀಯ ಅಂದರೆ ಕಾಲು ಮುರಿದಿದ್ದರೂ ಚೆನ್ನಾಗಿದ್ದೀನಿ ಸಾರ್. ಮನೆಗೆ ಬಂದು ಮೀಸೆ ತಿರುವಿದ್ದ, ಡಾಕ್ಟರಿಗೇ ಚಳ್ಳೆಹಣ್ಣು ತಿನ್ನಿಸಿಬಿಟ್ಟೆ ಕಣೇ. ಅವಳು ಕೈಯಲ್ಲಿ ಸೌಟು ಹಿಡಿದುಕೊಂಡೇ ಹಣೆ ಚಚ್ಚಿಕೊಂಡಳು, ಅಯ್ಯೋ ನಿಮ್ಮ ಬುದ್ಧಿಗಿಷ್ಟು, ಫೇಲಾಗೋಕೆ ಅಂತ ಹೋದ ಪರೀಕ್ಷೇಲಿ ಪಾಸಾಗಿ ಬಂದ್ರಲ್ಲರೀ! ಬಂತಲ್ಲ ತೀರ್ಪು, ಕಿವಿ ಕೇಳುತ್ತದೆ, ಅಷ್ಟಿಷ್ಟು ಕೇಳದಿದ್ದರೂ ವಯಸ್ಸಿನ ದೋಷ, ಫಿರಂಗಿಗೂ ಇದಕ್ಕೂ ಸಂಬಂಧವಿಲ್ಲ, ಪಿಂಚಣಿಯೂ ಇಲ್ಲ.

ಸಂಬಂಧವಿಲ್ಲವಂತೆ! ಬರೆದವನು ಒಂದು ಬೆಳಗ್ಗೆ ಬಂದು ಆ ಫಿರಂಗಿಯ ಪಕ್ಕ ನಿಲ್ಲಲಿ, ಹಲ್ಲಿನ ಬುಡ ಅಲ್ಲಾಡಿ ಹೋಗುತ್ತದೆ. ಕಿವಿಗೆ ಇವರು ಕೊಟ್ಟದ್ದು ಎರಡುಂಡೆ ಹತ್ತಿ, ಬಿರುಗಾಳಿಗೆ ಬೀಸಣಿಗೆ ಅಡ್ಡ ಹಿಡಿದ ಹಾಗೆ. ಅಲ್ಲಿ ಬಾಯಿಮಾತು ನಡೆಯುತ್ತಿರಲಿಲ್ಲ, ಕೈಮಾತು. ಗುಂಡು ತುಂಬುತ್ತಿದ್ದವನು ಗುಬ್ಬಚ್ಚಿ — ಆನೆಯಂಥ ಆಳು, ಅದಕ್ಕೇ ಆ ಹೆಸರು — ಹಿಂದಿನಿಂದ ಹೆಗಲಿಗೆ ಒಂದು ತಟ್ಟಿದರೆ ತಯಾರಾಗು, ಎರಡು ತಟ್ಟಿದರೆ ಬಾಯಿ ತೆರೆ, ಈಗ ಹಾರುತ್ತೆ. ಬಾಯಿ ಮುಚ್ಚಿದ್ದರೆ ಕಿವಿಯ ತಮಟೆ ಒಡೆಯುತ್ತದಂತೆ, ತೆರೆದೇ ಇದ್ದ, ಆದರೂ ಹೋಯಿತು. ಬಾಯಿ ತೆರಿಯೋ, ಲಾಡು ಹಾಕ್ತೀನಿ, ಅನ್ನುತ್ತಿದ್ದ ಗುಬ್ಬಚ್ಚಿ, ಅವನ ತುಟಿ ನೋಡಿಯೇ ತುಟಿ ಓದುವುದು ಬಂದದ್ದು. ಎಲ್ಲಿದ್ದಾನೋ, ಇದ್ದಾನೋ ಇಲ್ಲವೋ. ರಜೆಗೆ ಬಂದಾಗ ಇವಳು ಹಿಂದಿನಿಂದ ಬಂದು ಎರಡು ಸಲ ತಟ್ಟಿದರೂ ಸಾಕು, ಬಾಯಿ ತಾನೇ ತೆರೆದುಕೊಳ್ಳುತ್ತಿತ್ತು, ಇವಳು ಬಿದ್ದು ಬಿದ್ದು ನಗುತ್ತಿದ್ದಳು, ಮದುವೆಯಾದದ್ದು ಗಂಡನನ್ನೋ ಗೂಡಲ್ಲಿರೋ ಮರಿಯನ್ನೋ ಅಂತ. ಆಗ ನಗು ಕೇಳಿಸುತ್ತಿತ್ತು. ಪಾತ್ರೆ ತೊಳೆಯುತ್ತಾ ಅವಳು ಗುನುಗುವುದೂ ಕೇಳಿಸುತ್ತಿತ್ತು, ಈ ಕಡೆ ಬೆನ್ನು ಹಾಕಿ, ನಲ್ಲಿ ಬಿಟ್ಟುಕೊಂಡು, ಯಾವ ಹಾಡೂ ಪೂರ್ತಿ ಬರದು, ಮಧ್ಯದಲ್ಲಿ ಬೇಳೆ ಮುಗಿದಿದೆ ಅನ್ನುವುದು, ಮತ್ತೆ ಎಳೆ ಹಿಡಿಯುವುದು. ಆಗ ಅವನು ಪೇಪರು ಓದುತ್ತಾ, ಸ್ವಲ್ಪ ಸುಮ್ಮನಿರ್ತೀಯಾ, ಅಂತ ಸಿಡುಕಿದ್ದೂ ಉಂಟು. ಈಗ ಒಂದೊಂದು ಮಾತಿಗೂ ಅವಳು ಕೈ ಒರೆಸಿಕೊಂಡು ಬಂದು ಎದುರಿಗೆ ನಿಲ್ಲುತ್ತಾಳೆ, ಊಟ ಆಯ್ತಾ, ಬಾಗಿಲು ಹಾಕಿದ್ರಾ, ಎಲ್ಲ ಮುಖಕ್ಕೆ ಮುಖ, ಸಾಕ್ಷಿ ಹೇಳುವವರ ಹಾಗೆ. ಬೆನ್ನು ತಿರುಗಿಸಿದರೆ ಮುಗಿಯಿತು, ದೀಪ ಆರಿದ ಹಾಗೆ. ಮೇಲ್ಮನವಿ ಗೆದ್ದರೆ ಸೈನ್ಯದ ಆಸ್ಪತ್ರೆಯವರೇ ಬಲಗಿವಿಗೆ ಯಂತ್ರ ಹಾಕುತ್ತಾರೆ. ಪಿಂಚಣಿ ಹಾಳಾಗಲಿ, ಅವಳ ಆ ಮುರುಕು ಹಾಡು, ಒಂದೇ ಒಂದು ಸಲ, ಅವಳು ಬೆನ್ನು ಹಾಕಿದ್ದಾಗ.

ಡಾಕ್ಟರು ಹಿಂದೆ ಹೋದರು. ಗಾಜಿನಲ್ಲಿ ಅವರ ಬಾಯಿ ತೆರೆಯುತ್ತಿದೆ, ನಿಮ್ಮ — ಮೊದಲ ಪದ ಸಿಕ್ಕೇಬಿಟ್ಟಿತು, ಹಿಮ್ಮಡಿ ತಾನಾಗಿ ಬಿಗಿಯಿತು, ಪಾಸಾಗು ಪಾಸಾಗು ಅನ್ನುತ್ತದೆ ಬೆನ್ನುಮೂಳೆ, ಬೆಳಗ್ಗೆ ಅಂಗಿಯ ಗುಂಡಿ ಹಾಕುತ್ತಾ ಇವಳು ಅಂದದ್ದು ನೆನಪಾಯಿತು, ಕಣ್ಣು ಮುಚ್ಕೊಂಬಿಡ್ರೀ, ನಿಮ್ಮ ಶೌರ್ಯ ಎಲ್ಲ ಕಣ್ಣಲ್ಲೇ ಇರೋದು. ಮುಚ್ಚಿದ. ಕತ್ತಲೆ, ಅದರೊಳಗೆ ಆ ಹಳೆಯ ಗುಂಯ್, ಯಾವತ್ತೂ ನಿಲ್ಲದ್ದು. ಕೇಳಿದರೋ, ಇನ್ನೂ ಕೇಳುತ್ತಿದ್ದಾರೋ, ಊಟಕ್ಕೆ ಎದ್ದು ಹೋದರೋ, ಕಿವುಡನ ಮುಂದೆ ಶಂಖ ಊದಿ ಊದಿ ದಣಿದರೋ. ಎಷ್ಟು ಹೊತ್ತು ಹೀಗೆ ಕಂಬದ ಹಾಗೆ — ಕತ್ತಲೆಯಲ್ಲಿ ನಲ್ಲಿ, ನಲ್ಲಿಯ ಮುಂದೆ ಅವಳ ಬೆನ್ನು, ತುರುಬಿನ ಕೆಳಗೆ ಒದ್ದೆಯಾದ ರವಿಕೆ ಅಂಚು, ಕಿವಿಯ ಹಿಂದೆ ದವಡೆ ಸಣ್ಣಗೆ ಅಲ್ಲಾಡುತ್ತಿದೆ, ಹಾಡುತ್ತಿದ್ದಾಳೆ, ಹಾಡುತ್ತಿದ್ದಾಳೆ — ಹೆಗಲಿಗೆ ತಟ್ಟು. ಇನ್ನೊಂದು. ಬಾಯಿ ತೆರೆದುಕೊಂಡಿತು, ದೊಡ್ಡದಾಗಿ, ಗುಬ್ಬಚ್ಚಿ ಲಾಡು ಹಾಕುವಷ್ಟು.

ಕಣ್ಣು ಬಿಟ್ಟರೆ ತಟ್ಟಿದವರು ಡಾಕ್ಟರು, ಕಾಲ ಬಳಿ ನೆಲದ ಮೇಲೆ ಪರೀಕ್ಷೆಗೆ ಅಂತ ಅವರು ಕೆಡವಿದ ಉಕ್ಕಿನ ತಟ್ಟೆ. ಅದು ಬಿದ್ದದ್ದೂ ಗೊತ್ತಾಗಿಲ್ಲ. ಬಾಯಿ ಯಾಕೆ ತೆರೆದ್ರಿ ಅಂತ ಕೇಳುತ್ತಿದೆ ಡಾಕ್ಟರ ತುಟಿ. ನಾಚಿಕೆಯಾಯಿತು, ಸಿಟ್ಟೂ ಬಂತು, ಎರಡು ತಟ್ಟಿದರೆ ಫಿರಂಗಿ ಹಾರುತ್ತೆ ಸಾರ್, ಬಾಯಿ ತೆರೀದೆ ಹಲ್ಲು ಕಚ್ಕೊಂಡಿರ್ಲಾ? ಅಷ್ಟು ಜೋರಾಗಿ ಹೇಳಬಾರದಿತ್ತೇನೋ, ಅಧ್ಯಕ್ಷೆ ಕನ್ನಡಕ ತೆಗೆದಿಟ್ಟು ಮುಂದಿನ ಕಾಗದದ ಮೇಲೆ ಏನೋ ಬರೆದರು, ಆಮೇಲೆ ಅವನಿಗೆ ಕಾಣುವ ಹಾಗೆ ತುಟಿ ಬಿಡಿಸಿ, ಸಂಬಂಧ ಇದೆ, ಮೇಲ್ಮನವಿ ಒಪ್ಪಿದ್ದೇವೆ. ಡಾಕ್ಟರೂ ಎದುರಿಗೆ ಬಂದು ನಿಂತರು, ಎಡಗಿವಿ ಆಸೆ ಬಿಡಿ, ಬಲಗಿವಿಗೆ ಯಂತ್ರ, ಎದುರು ಕೂತು ಮಾತಾಡಿದ್ರೆ ಕೇಳಿಸಬಹುದು. ಎದುರು ಕೂತರೆ. ಬೆನ್ನು ಹಾಕಿದ್ರೆ ಸಾರ್? ಡಾಕ್ಟರಿಗೆ ಅರ್ಥವಾಗಲಿಲ್ಲ, ಅವರು ನಕ್ಕರು, ನೋಡೋಣ. ನೋಡೋಣವಂತೆ. ನೋಡುವುದೇ ತಾನೇ ಇಷ್ಟು ದಿನ ಮಾಡಿದ್ದು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ಎದುರಿಗೆ ಬಂದು, ನಡೀರಿ ಬಸ್ಸು ಹೋಗುತ್ತೆ, ಅಂದು ತಿರುಗಿದಳು, ಉದ್ದ ಓಣಿ, ಮುಂದೆ ಮುಂದೆ ಅವಳ ಬೆನ್ನು, ತುರುಬು, ಕಿವಿಯ ಹಿಂದೆ ದವಡೆ — ಅಲ್ಲಾಡುತ್ತಿದೆ, ಸಣ್ಣಗೆ, ಹಾಡುತ್ತಿದ್ದಾಳೆ, ಎಷ್ಟು ಕಾಲದ ಮೇಲೆ, ಕರೆಯಬಾರದು, ಕರೆದರೆ ತಿರುಗುತ್ತಾಳೆ, ತಿರುಗಿದರೆ ನಿಲ್ಲಿಸುತ್ತಾಳೆ, ದವಡೆ, ಅವಳ ದವಡೆ,